ಮೂಗರ್ಜಿಯ ವಿಳಾಸ



ಈ ದತ್ತಿಗೆ ಹೆಸರಿಲ್ಲ. ದತ್ತಿ ಉಪನ್ಯಾಸ ಎಂದರೆ ಆಹ್ವಾನ ಪತ್ರಿಕೆಯಲ್ಲಿ ಒಂದು ಫೋಟೊ, ಅದರ ಕೆಳಗೆ ದಾನಿಗಳ ಹೆಸರು ಇರುವುದು ವಾಡಿಕೆ. ಇಲ್ಲಿ ಹಣ ಇಟ್ಟವರು ಪೀಣ್ಯ ಎರಡನೇ ಹಂತದಲ್ಲಿ ಲೇತ್ ಹಾಕಿಕೊಂಡು ಜೀವಮಾನವಿಡೀ ದುಡಿದವರು. ಹೆಸರು ಹಾಕಕೂಡದು ಅನ್ನುವುದೊಂದೇ ಅವರ ಷರತ್ತು. ಈ ಉಪನ್ಯಾಸ ಏರ್ಪಡಿಸಿರುವ ಸಂಘದವರು ಅದನ್ನು ನಿಷ್ಠೆಯಿಂದ ಪಾಲಿಸಿದ್ದಾರೆ. ಆದರೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಮೂವರು ಬಂದು ಆ ಹೆಸರನ್ನು ಕಿವಿಯಲ್ಲಿ ಹೇಳಿದರು. ನಾಲ್ಕನೆಯವರು ಮನೆ ಯಾವ ಅಡ್ಡರಸ್ತೆಯಲ್ಲಿದೆ ಅನ್ನುವುದನ್ನೂ ಸೇರಿಸಿದರು. ಯಾರೂ ಚಾಡಿ ಹೇಳಿದ್ದಲ್ಲ. ಪೀಣ್ಯದಲ್ಲಿ ಶೆಡ್ಡು ಇದ್ದವರು, ಬಿಡುವಾದಾಗ ಕನ್ನಡ ಪುಸ್ತಕ ಓದುತ್ತಿದ್ದವರು, ಮಕ್ಕಳಿಗೆ ಕಾರ್ಖಾನೆ ಬೇಡವಾಗಿ ಅದನ್ನು ಮಾರಿದವರು. ಈ ಮೂರೂ ಕೂಡಿಬಂದ ಮನುಷ್ಯರು ಈ ಊರಲ್ಲಿ ಎಷ್ಟು ಜನ ಇದ್ದಾರು?

ಇವತ್ತಿನ ವಿಷಯದ ಅರ್ಧ ಭಾಗ ಇಲ್ಲಿಗೇ ಮುಗಿಯಿತು. ಆದರೂ ಸಂಘದವರು ಒಂದು ಗಂಟೆ ಕೊಟ್ಟಿದ್ದಾರೆ.

ನನಗೆ ಕೊಟ್ಟ ಪ್ರಶ್ನೆ ಇದು: ಕಳಿಸಿದವರ ಗುರುತು ಅಳಿಸಿ ಇಮೇಲನ್ನು ಮುಂದಕ್ಕೆ ದಾಟಿಸುವ ಸೇವೆಗಳಿವೆಯಲ್ಲ, ಅವು ನಿಜಕ್ಕೂ ಎಷ್ಟು ಭದ್ರ? ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೇಲ್ ಸರ್ವರ್ ಕಾಯ್ದವನು ಅನ್ನುವುದಷ್ಟೇ ಈ ಬಗ್ಗೆ ಮಾತಾಡಲು ನನಗಿರುವ ಯೋಗ್ಯತೆ.

ಹೆಸರಿಲ್ಲದ ದೂರಿಗೆ ನಮ್ಮ ಕಚೇರಿಗಳಲ್ಲಿ ಮೂಗರ್ಜಿ ಅನ್ನುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯ ಬಾಯಲ್ಲಿ ಈ ಪದ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಇನ್‌ಲ್ಯಾಂಡ್ ಲೆಟರಿನಲ್ಲಿ ಎಡಗೈಯಲ್ಲಿ ಬರೆದ ಅಕ್ಷರ, ಕೊನೆಗೆ 'ಇಂತಿ, ನೊಂದ ನಾಗರಿಕ'. ಕಾಗದ ಒಡೆಯುವ ಮೊದಲು ತಂದೆ ನೋಡುತ್ತಿದ್ದದ್ದು ಅಂಚೆ ಮುದ್ರೆಯನ್ನು. ಯಾವ ಊರಿನ ಮುದ್ರೆ ಎಂದು ತಿಳಿದರೆ ಅರ್ಧ ತಿಳಿದಂತೆ. ಇದು ಗೊತ್ತಿದ್ದ ಜಾಣರು ಪಕ್ಕದ ಊರಿಗೆ ಹೋಗಿ ಅಲ್ಲಿಯ ಡಬ್ಬಿಗೆ ಹಾಕುತ್ತಿದ್ದರು. ಇನ್ನೂ ಜಾಣರು ದೂರದ ಊರಿಗೆ ಹೊರಟ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, "ಇಳಿದಲ್ಲಿ ಪೋಸ್ಟ್ ಮಾಡಿಬಿಡಣ್ಣ" ಅನ್ನುತ್ತಿದ್ದರು. ಆ ಕಂಡಕ್ಟರಣ್ಣನೇ ಇವತ್ತಿನ ಫಾರ್ವರ್ಡಿಂಗ್ ಸೇವೆ. ಕಾಗದ ಪಡೆದವನಿಗೆ ಕಳಿಸಿದವನು ಕಾಣುವುದಿಲ್ಲ, ಕಂಡಕ್ಟರಿಗೆ ಕಾಣುತ್ತಾನೆ.

ನನಗೆ ಈ ಮೂಗರ್ಜಿ ಅನ್ನುವ ಪದದ ಬಗ್ಗೆಯೇ ಒಂದು ತಕರಾರಿದೆ. ಈ ಅರ್ಜಿಗೆ ಬಾಯಿ ಚೆನ್ನಾಗಿಯೇ ಇರುತ್ತದೆ, ಕೆಲವೊಮ್ಮೆ ಅತಿಯಾಗಿಯೇ ಇರುತ್ತದೆ. ಇಲ್ಲದಿರುವುದು ಕಿವಿ. "ಯಾವ ತಿಂಗಳ ಬಿಲ್ಲು? ಸಾಕ್ಷಿ ಇದೆಯಾ?" ಎಂದು ಮರುಪ್ರಶ್ನೆ ಹಾಕಿದರೆ ಅದಕ್ಕೆ ಕೇಳಿಸುವುದಿಲ್ಲ. ಅದಕ್ಕೊಂದು ಕಿವಿ ಅಂಟಿಸಲು ಹೋದಾಗ ಬಹುಮಟ್ಟಿಗೆ ಗುಟ್ಟು ಸೋರಿದೆ. ತಂತ್ರಜ್ಞಾನದ ಚರಿತ್ರೆಯಲ್ಲಿ ನನಗೆ ಕಂಡದ್ದು ಇಷ್ಟೇ.

ಫಿನ್‌ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ 1993ರಲ್ಲಿ ಇಂಥದ್ದೊಂದು ಸೇವೆ ಶುರು ಮಾಡಿದರು. ಪೆನೆಟ್ ಎಂದು ಅದರ ಹೆಸರು. ನೀವು ಬರೆದ ಇಮೇಲಿನಿಂದ ನಿಮ್ಮ ಗುರುತು ಹೇಳುವ ಹೆಡರ್ ಸಾಲುಗಳನ್ನು ತೆಗೆದು, ನಿಮಗೊಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಹೆಸರಲ್ಲಿ ಮುಂದಕ್ಕೆ ಕಳಿಸುತ್ತಿತ್ತು. ಓದಿದವರು ಆ ಸಂಖ್ಯೆಗೆ ಉತ್ತರ ಬರೆದರೆ ನಿಮ್ಮ ನಿಜವಾದ ವಿಳಾಸಕ್ಕೆ ತಲುಪಿಸುತ್ತಿತ್ತು. ಕಿವಿ ಬಂತಲ್ಲ, ಅದರ ಜೊತೆಗೆ ಒಂದು ಪಟ್ಟಿಯೂ ಬಂತು: ಯಾವ ಸಂಖ್ಯೆ ಯಾರದ್ದು ಅನ್ನುವ ಪಟ್ಟಿ. ಹೆಲ್ಸಿಂಗಿಯಸ್ ಪ್ರಾಮಾಣಿಕರು, ದುಡ್ಡಿಗೆ ಬಗ್ಗಿದವರಲ್ಲ. ಆದರೆ 1995ರ ಫೆಬ್ರವರಿಯಲ್ಲಿ ಸೈಂಟಾಲಜಿ ಪಂಥದವರ ದೂರಿನ ಮೇಲೆ ಪೊಲೀಸರು ವಾರಂಟ್ ಹಿಡಿದು ಬಂದು ಬಾಗಿಲು ಬಡಿದರು. ಇಡೀ ಪಟ್ಟಿ ಕೊಡುವುದನ್ನು ತಪ್ಪಿಸಲು ಅವರು ಒಂದು ಹೆಸರು ಕೊಡಬೇಕಾಯಿತು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಸೇವೆಯನ್ನೇ ನಿಲ್ಲಿಸುವುದಾಗಿ ಹೇಳಿದರು. ಆ ಹೊತ್ತಿಗೆ 5 ಲಕ್ಷಕ್ಕೂ ಹೆಚ್ಚು ಜನ ಆ ಒಬ್ಬ ಕಂಡಕ್ಟರನ ನೋಟ್‌ಬುಕ್ಕಿನಲ್ಲಿದ್ದರು.

ಇದಕ್ಕೆ ಪರಿಹಾರ ಅಷ್ಟರಲ್ಲಾಗಲೇ ಕಾಗದದ ಮೇಲಿತ್ತು. ಡೇವಿಡ್ ಚೌಮ್ ಎಂಬ ಅಮೆರಿಕದ ಗಣಕ ವಿಜ್ಞಾನಿ 1981ರಲ್ಲೇ ಬರೆದಿದ್ದರು. ಒಬ್ಬ ಕಂಡಕ್ಟರನ್ನು ನಂಬಬೇಡಿ, ಮೂವರಿಗೆ ಕೊಡಿ. ಲಕೋಟೆಯೊಳಗೆ ಲಕೋಟೆ, ಅದರೊಳಗೆ ಇನ್ನೊಂದು. ಮೊದಲನೆಯವನಿಗೆ ನೀವು ಗೊತ್ತು, ಕಾಗದ ಕೊನೆಗೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಿಲ್ಲ. ಕೊನೆಯವನಿಗೆ ತಲುಪಬೇಕಾದವರು ಗೊತ್ತು, ನೀವು ಗೊತ್ತಿಲ್ಲ. ನಡುವಿನವನಿಗೆ ಎರಡೂ ಗೊತ್ತಿಲ್ಲ. ಮೂವರಲ್ಲಿ ಒಬ್ಬ ಬಾಯಿ ಬಿಡದಿದ್ದರೂ ಗುಟ್ಟು ಉಳಿಯುತ್ತದೆ. ಇಷ್ಟೇ ಸಾಲದು. ಕಾಗದ ಬಂದ ಕೂಡಲೇ ದಾಟಿಸಿದರೆ ಹೊರಗೆ ನಿಂತು ನೋಡುವವನು ಒಳಹೋದ ಹೊತ್ತು, ಹೊರಬಂದ ಹೊತ್ತು ತಾಳೆ ಹಾಕುತ್ತಾನೆ. ಆದ್ದರಿಂದ ಪ್ರತಿ ನಿಲ್ದಾಣದಲ್ಲೂ ಚೀಲ ತುಂಬುವವರೆಗೆ ಕಾಯಬೇಕು, ಎಲ್ಲ ಲಕೋಟೆಯೂ ಒಂದೇ ಅಳತೆಯಲ್ಲಿರಬೇಕು, ಬಂದ ಸಾಲು ಕಲೆಸಿ ಬೇರೆ ಸಾಲಿನಲ್ಲಿ ಬಿಡಬೇಕು. ತೊಂಬತ್ತರ ದಶಕದ ನಡುವೆ ಬಂದ ಮಿಕ್ಸ್‌ಮಾಸ್ಟರ್ ಹೀಗೇ ಕೆಲಸ ಮಾಡಿತು. 2012ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ನೂರಕ್ಕೂ ಹೆಚ್ಚು ಬಾಂಬ್ ಬೆದರಿಕೆ ಬಂದಾಗ ಎಫ್‌ಬಿಐನವರು ನ್ಯೂಯಾರ್ಕಿನಲ್ಲಿದ್ದ ಅಂಥ ಒಂದು ಸರ್ವರನ್ನೇ ಎತ್ತಿಕೊಂಡು ಹೋದರು. ಅದನ್ನು ನಡೆಸುತ್ತಿದ್ದವರು ಹೇಳಿದ್ದು, ಅದರಲ್ಲಿ ಯಾರು ಬಂದರು, ಹೋದರು ಎಂದು ಬರೆದಿಡುವ ಯಾವ ಲಾಗೂ ಇರಲಿಲ್ಲ ಎಂದು.

ಅಂದರೆ ಗುಟ್ಟು ಸೋರದ ಗಟ್ಟಿ ಕೊಳವೆ ಕಟ್ಟಲು ಬರುತ್ತದೆ. ಆದರೆ ಅದು ನಿಧಾನ, ಬಳಸಲು ಕಷ್ಟ, ಅದರಲ್ಲಿ ಉತ್ತರ ಪಡೆಯುವುದು ಇನ್ನೂ ಕಷ್ಟ. ಆದ್ದರಿಂದ ಜನ ಅದನ್ನು ಬಿಟ್ಟರು. ಜನ ಬಿಟ್ಟ ಮೇಲೆ ಚೀಲ ತುಂಬುವುದಿಲ್ಲ. ಚೀಲದಲ್ಲಿ ಒಂದೇ ಕಾಗದ ಇದ್ದರೆ ಎಷ್ಟು ಲಕೋಟೆ ಹಾಕಿದರೇನು?

ಇವತ್ತು ನಿಮ್ಮ ಫೋನಿನಲ್ಲಿ ಸಿಗುವುದು ಬೇರೆ ಜಾತಿಯ ಸೇವೆ. ಫೈರ್‌ಫಾಕ್ಸ್ ರಿಲೇ, ಆಪಲ್ ತಂದ 'ಹೈಡ್ ಮೈ ಇಮೇಲ್', ಆಮೇಲೆ ಪ್ರೋಟಾನ್ ಕಂಪನಿ ಕೊಂಡುಕೊಂಡ ಸಿಂಪಲ್‌ಲಾಗಿನ್. ಇವು ನಿಮಗೊಂದು ಅಡ್ಡಹೆಸರಿನ ವಿಳಾಸ ಕೊಟ್ಟು, ಅಲ್ಲಿಗೆ ಬಂದದ್ದನ್ನು ನಿಮ್ಮ ನಿಜವಾದ ಪೆಟ್ಟಿಗೆಗೆ ತಂದು ಹಾಕುತ್ತವೆ. ಬಟ್ಟೆ ಮಾರುವವರು, ಸಾಲ ಕೊಡುವವರು ನಿಮ್ಮ ವಿಳಾಸವನ್ನು ಊರಿಗೆಲ್ಲ ಹಂಚದಂತೆ ತಡೆಯುವುದು ಇವುಗಳ ಕೆಲಸ, ಅದನ್ನು ಚೆನ್ನಾಗಿ ಮಾಡುತ್ತವೆ. ಆದರೆ ಅಡ್ಡಹೆಸರು ಯಾರದ್ದು ಎಂದು ಸೇವೆಗೆ ಗೊತ್ತಿರಲೇಬೇಕು, ಇಲ್ಲದಿದ್ದರೆ ತಲುಪಿಸುವುದು ಎಲ್ಲಿಗೆ? ಸಾಮಾನ್ಯ ಮೇಲಾದರೆ ಅದರ ಒಳಗಿನ ಮಾತೂ ಆ ಸರ್ವರಿನ ಮೂಲಕ ತೆರೆದೇ ಹಾದುಹೋಗುತ್ತದೆ. ಪೆನೆಟ್‌ನ ನೋಟ್‌ಬುಕ್ಕೇ ಇದು, ರಟ್ಟು ಬದಲಾಗಿದೆ. ಸ್ಪ್ಯಾಮ್ ತಡೆಯುವ ಸೊಳ್ಳೆಪರದೆಯನ್ನು ಗುಂಡು ತಡೆಯುವ ಕವಚ ಎಂದು ತೊಟ್ಟುಕೊಂಡು ಮ್ಯಾನೇಜರ್ ಮೇಲೆ ದೂರು ಬರೆಯಲು ಕೂರುವವರನ್ನು ಕಂಡು ನನಗೆ ಭಯವಾಗುತ್ತದೆ.

ಭಯಕ್ಕೆ ಕಾರಣ ಹೇಳುತ್ತೇನೆ.

2003ರ ಸುಮಾರು. ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯಲ್ಲಿ ನಾನು ಮೇಲ್ ನೋಡಿಕೊಳ್ಳುತ್ತಿದ್ದೆ. ಹೆಸರು ಬೇಡ. ಒಂದು ಮಧ್ಯಾಹ್ನ ಎಚ್‌ಆರ್ ಮುಖ್ಯಸ್ಥರು ಕರೆದರು. ಅವರ ಕೈಯಲ್ಲಿ ಒಂದು ಮೇಲಿನ ಪ್ರಿಂಟ್. ಹೊಸದಾಗಿ ತೆರೆದ ಒಂದು ಉಚಿತ ಖಾತೆಯಿಂದ ಬಂದದ್ದು. ಹೌಸ್‌ಕೀಪಿಂಗ್ ಗುತ್ತಿಗೆಯ ಹೆಂಗಸರ ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದಾರೆ, ಆದರೆ ಕಟ್ಟುತ್ತಿಲ್ಲ, ಗುತ್ತಿಗೆದಾರ ಯಾರ ಸಂಬಂಧಿ ಎಂದು ವಿಚಾರಿಸಿ ನೋಡಿ ಎಂದು ಅದರಲ್ಲಿತ್ತು. ಭಾಷೆ ಸಭ್ಯವಾಗಿತ್ತು. ಕೆಳಗೆ 'ಹಿತೈಷಿ' ಎಂದಿತ್ತು.

"ಇದು ಯಾರು ಅಂತ ಹೇಳಕ್ಕಾಗತ್ತಾ?" ಎಂದರು.

ನನಗೆ ಮೂವತ್ತರ ಒಳಗಿನ ವಯಸ್ಸು. ಆಗುತ್ತದೆ ಅನ್ನುವುದನ್ನು ತೋರಿಸುವ ಉತ್ಸಾಹ. ಆ ಕಾಲದ ಕೆಲವು ಉಚಿತ ಮೇಲ್ ಸೇವೆಗಳು ಪತ್ರದ ಹೆಡರಿನಲ್ಲಿ ಒಂದು ಸಾಲು ಬರೆಯುತ್ತಿದ್ದವು: ಈ ಪತ್ರ ಬರೆದ ಕಂಪ್ಯೂಟರಿನ ಐಪಿ ಸಂಖ್ಯೆ ಇದು ಎಂದು. ತಂದೆ ನೋಡುತ್ತಿದ್ದ ಅಂಚೆ ಮುದ್ರೆ! ತೆಗೆದು ನೋಡಿದರೆ ನಮ್ಮ ಕಂಪನಿಯದೇ ಸಂಖ್ಯೆ. 'ಹಿತೈಷಿ' ಎಂದು ಸಹಿ ಹಾಕಿದ ಹುಡುಗ ಆಫೀಸಿನಲ್ಲೇ ಕೂತು ಬರೆದಿದ್ದ. ಹೊರಗಿನ ಲೋಕಕ್ಕೆ ನಮ್ಮ ಇಡೀ ಕಟ್ಟಡಕ್ಕೆ ಒಂದೇ ಸಂಖ್ಯೆ. ಆದರೆ ಒಳಗೆ, ಯಾವ ಯಂತ್ರ ಯಾವ ತಾಣ ತೆರೆಯಿತು ಎಂದು ಬರೆದಿಡುವ ಪ್ರಾಕ್ಸಿ ಸರ್ವರಿನ ಲಾಗ್ ಇತ್ತಲ್ಲ. ಆ ನಿಮಿಷದಲ್ಲಿ ಆ ಮೇಲ್ ತಾಣವನ್ನು ತೆರೆದಿದ್ದ ಯಂತ್ರಗಳು ಮೂರು. ಎರಡು ಅಮೆರಿಕದ ಪಾಳಿಯವರ ಮೇಜಿನವು, ಒಂದು ಲೆಕ್ಕಪತ್ರ ವಿಭಾಗದ್ದು. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ನಾನು ಆ ಮೇಜಿನ ಸಂಖ್ಯೆಯನ್ನು ಒಂದು ಹಳದಿ ಚೀಟಿಯ ಮೇಲೆ ಬರೆದು ಕೊಟ್ಟೆ.

ಮುಂದಿನ ವಾರ ಆ ಹುಡುಗನ ಬ್ಯಾಡ್ಜ್‌ಗೆ ಗೇಟು ತೆರೆಯಲಿಲ್ಲ. ಸೆಕ್ಯುರಿಟಿಯವರು ಅವನ ಡಬ್ಬಿ, ಸ್ವೆಟರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದುಕೊಟ್ಟರು. ಪಿಎಫ್ ಕಟ್ಟಿದರೋ ಇಲ್ಲವೋ, ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರುವ ಹೊತ್ತಿಗೆ ಆ ಹೆಂಗಸರ ಗುತ್ತಿಗೆಯೇ ಬದಲಾಗಿತ್ತು.

ಈಗ ಯೋಚಿಸಿ. ಅವನು ಜಗತ್ತಿನ ಅತ್ಯುತ್ತಮ ಫಾರ್ವರ್ಡಿಂಗ್ ಸೇವೆ ಬಳಸಿದ್ದರೆ ಉಳಿಯುತ್ತಿದ್ದನೆ? ಹೆಡರಿನಲ್ಲಿ ನಮ್ಮ ಸಂಖ್ಯೆ ಇರುತ್ತಿರಲಿಲ್ಲ, ನಿಜ. ಆದರೆ ಎಚ್‌ಆರ್‌ನವರು ಮರುಪ್ರಶ್ನೆ ಕೇಳುತ್ತಿದ್ದರು: "ನಮ್ಮ ನೆಟ್‌ವರ್ಕಿನಿಂದ ಇಂಥ ಸೇವೆಯ ತಾಣಕ್ಕೆ ಹೋದವರು ಯಾರು?" ಆಗ ಮೂರು ಯಂತ್ರವೂ ಇರುತ್ತಿರಲಿಲ್ಲ, ಒಂದೇ ಇರುತ್ತಿತ್ತು. 2013ರ ಡಿಸೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆದದ್ದು ಇದೇ. ಪರೀಕ್ಷೆ ತಪ್ಪಿಸಲು ಒಬ್ಬ ವಿದ್ಯಾರ್ಥಿ ಬಾಂಬ್ ಬೆದರಿಕೆ ಕಳಿಸಿದ. ಬಳಸಿ ಬಿಸಾಡುವ ವಿಳಾಸದ ಮೇಲ್ ಸೇವೆ ಹಿಡಿದಿದ್ದ, ಅದನ್ನು ಗುರುತು ಮರೆಸುವ ಟಾರ್ ಜಾಲದ ಮೂಲಕ ತೆರೆದಿದ್ದ. ಟಾರ್ ಬಾಯಿ ಬಿಡಲಿಲ್ಲ. ಆದರೆ ಕ್ಯಾಂಪಸ್ಸಿನ ವೈ-ಫೈನಲ್ಲಿ ಆ ಬೆಳಗ್ಗೆ ಟಾರ್ ಬಳಸಿದವರು ಯಾರು ಎಂದು ನೋಡಿ ತನಿಖೆಯವರು ನೇರವಾಗಿ ಅವನ ಬಳಿ ಬಂದರು. ಮುಖ ಮುಚ್ಚಿಕೊಳ್ಳುವುದು ಸರಿ, ಸಂತೆಯಲ್ಲಿ ಒಬ್ಬನೇ ಮುಖ ಮುಚ್ಚಿಕೊಂಡಿದ್ದರೆ?

ಅದೂ ಇಲ್ಲ ಅನ್ನಿ. ಆ ಹುಡುಗ ಯಾವ ಲಾಗಿಗೂ ಸಿಗದೆ ಬರೆದ ಅನ್ನಿ. ಹೌಸ್‌ಕೀಪಿಂಗ್ ಪಿಎಫ್ ಚಲನ್ ನೋಡುವ ಅವಕಾಶ ಇದ್ದವರು ನಮ್ಮಲ್ಲಿ ಎಷ್ಟು ಜನ? ನಾಲ್ಕು. ಅವರಲ್ಲಿ ಒಬ್ಬರು ಎಚ್‌ಆರ್ ಮುಖ್ಯಸ್ಥರೇ.

ಇಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗೋಣ. 2019ರ ಸೆಪ್ಟೆಂಬರ್ 20ರ ದಿನಾಂಕ ಹೊತ್ತ ಒಂದು ದೂರು ಇನ್ಫೋಸಿಸ್ ಆಡಳಿತ ಮಂಡಳಿಗೆ ಬಂತು. ಸಹಿಯ ಜಾಗದಲ್ಲಿ 'ನೈತಿಕ ನೌಕರರು' ಎಂಬರ್ಥದ ಇಂಗ್ಲಿಷ್ ಮಾತು. ಲಾಭ ಹೆಚ್ಚು ತೋರಿಸಲು ಲೆಕ್ಕದಲ್ಲಿ ಒತ್ತಡ ಹೇರಲಾಗುತ್ತಿದೆ ಅನ್ನುವುದು ಆರೋಪದ ತಿರುಳು. ಇಮೇಲ್‌ಗಳೂ ಧ್ವನಿಮುದ್ರಣಗಳೂ ನಮ್ಮಲ್ಲಿವೆ ಎಂದು ಅದರಲ್ಲಿ ಹೇಳಿತ್ತು. ಅಮೆರಿಕದ ಷೇರು ನಿಯಂತ್ರಕರಿಗೂ ಅದು ಹೋಗಿತ್ತು. ಅಕ್ಟೋಬರ್ 21ರಂದು ಸುದ್ದಿ ಹೊರಬಿತ್ತು. ಮರುದಿನ ಷೇರು ಬೆಲೆ ಶೇಕಡ 16ಕ್ಕೂ ಹೆಚ್ಚು ಕುಸಿಯಿತು. ಒಂದೇ ದಿನ ಸುಮಾರು 53,000 ಕೋಟಿ ರೂಪಾಯಿ ಮಾರುಕಟ್ಟೆ ಮೌಲ್ಯ ಕರಗಿತು. ಮೂಗರ್ಜಿಯೊಂದರ ತೂಕ ಇದು. ಎಡಗೈಯಲ್ಲಿ ಬರೆದ ಇನ್‌ಲ್ಯಾಂಡ್ ಲೆಟರ್ ಕಂಡಿದ್ದ ನಮ್ಮ ತಂದೆಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ.

ಅಧ್ಯಕ್ಷರಾಗಿದ್ದ ನಂದನ್ ನಿಲೇಕಣಿಯವರು ಆಗ ಕೊಟ್ಟ ಹೇಳಿಕೆಯಲ್ಲಿ ನನ್ನ ಗಮನ ಸೆಳೆದದ್ದು ಒಂದು ಸಂಗತಿ: ದೂರಿನಲ್ಲಿ ಹೇಳಿದ ಇಮೇಲ್, ಧ್ವನಿಮುದ್ರಣಗಳು ಕಂಪನಿಯ ಕೈ ಸೇರಿರಲಿಲ್ಲ. ಲೆಕ್ಕಪರಿಶೋಧನಾ ಸಮಿತಿ ಹೊರಗಿನ ವಕೀಲರನ್ನೂ ಲೆಕ್ಕ ಪರಿಣತರನ್ನೂ ಹಿಡಿದು ತನಿಖೆ ಮಾಡಿಸಿತು. 2 ಲಕ್ಷಕ್ಕೂ ಹೆಚ್ಚು ದಾಖಲೆ, 8 ಟೆರಾಬೈಟ್ ಮಾಹಿತಿ, ನೂರಕ್ಕೂ ಹೆಚ್ಚು ಸಂದರ್ಶನ. ಹಣಕಾಸಿನ ಅವ್ಯವಹಾರಕ್ಕೆ ಸಾಕ್ಷಿ ಸಿಕ್ಕಿಲ್ಲ ಎಂದು 2020ರ ಜನವರಿ 10ರಂದು ಪ್ರಕಟಿಸಿತು. ಅಮೆರಿಕದ ನಿಯಂತ್ರಕರೂ ಮಾರ್ಚ್‌ನಲ್ಲಿ ಮುಂದಿನ ಕ್ರಮ ಇಲ್ಲವೆಂದು ಕಡತ ಮುಚ್ಚಿದರು.

ಆರೋಪ ಸುಳ್ಳಿತ್ತೋ, ಅರ್ಧ ತಿಳಿವಳಿಕೆಯದಿತ್ತೋ ಹೇಳುವವನು ನಾನಲ್ಲ. ನಾನು ನೋಡುವುದು ಕೊಳವೆಯ ಕಡೆಗೆ. ಬಾಯಿ ಇತ್ತು, ಜಗತ್ತಿಗೇ ಕೇಳಿಸುವಂಥದ್ದು. ಕಿವಿ ಎಷ್ಟಿತ್ತು? ಸಾಕ್ಷಿ ಕೊಡಿ ಎಂದು ಕೇಳಿದಾಗ ಕೊಡಲು ದೂರುದಾರ ಮತ್ತೊಮ್ಮೆ ಬರಬೇಕು. ಪ್ರತಿ ಸಲ ಬಂದಾಗಲೂ ಸಿಗುವ ಅಪಾಯ ಹೆಚ್ಚುತ್ತದೆ. ಅದರಲ್ಲೂ ಧ್ವನಿಮುದ್ರಣ ಕೊಟ್ಟರೆ ಮುಗಿಯಿತು. ಆ ಕೋಣೆಯಲ್ಲಿ ಆ ದಿನ ಐದು ಜನ ಇದ್ದರೆ ಉಳಿದವರು ನಾಲ್ಕು ಹೆಸರನ್ನು ಬೆರಳಲ್ಲಿ ಎಣಿಸುತ್ತಾರೆ. ಯಾವ ಸಾಕ್ಷಿ ಆರೋಪವನ್ನು ಗಟ್ಟಿ ಮಾಡುತ್ತದೋ ಅದೇ ಸಾಕ್ಷಿ ಕೊಟ್ಟವನನ್ನು ತೋರಿಸಿಕೊಡುತ್ತದೆ. ಇದಕ್ಕೆ ಯಾವ ಗೂಢಲಿಪಿಯೂ ಮದ್ದಲ್ಲ.

ಪಕ್ಕದ ಹೈದರಾಬಾದಿನ ಸತ್ಯಂ ಹಗರಣದಲ್ಲಿ ಇನ್ನೊಂದು ಬಗೆಯ ಫಾರ್ವರ್ಡಿಂಗ್ ಇದೆ. 2008ರ ಡಿಸೆಂಬರ್ 18ರಂದು ಬೇರೆ ಹೆಸರಿಟ್ಟುಕೊಂಡ ಒಬ್ಬರು ಕಂಪನಿಯ ಒಬ್ಬ ನಿರ್ದೇಶಕರಿಗೆ ಇಮೇಲ್ ಬರೆದು ಲೆಕ್ಕವೇ ಸುಳ್ಳು ಎಂದರು. ಅವರು ಅದನ್ನು ಇನ್ನೊಬ್ಬ ನಿರ್ದೇಶಕರಿಗೆ ದಾಟಿಸಿದರು, ಅಲ್ಲಿಂದ ಅದು ಲೆಕ್ಕಪರಿಶೋಧಕರ ಕಡೆಗೂ ಕಂಪನಿಯ ಮುಖ್ಯಸ್ಥರ ಕಡೆಗೂ ಹೋಯಿತು. ಮೂರು ವಾರದೊಳಗೆ, ಜನವರಿ 7ರಂದು, ಆ ಮುಖ್ಯಸ್ಥ ರಾಮಲಿಂಗ ರಾಜು ತಪ್ಪೊಪ್ಪಿಗೆ ಪತ್ರ ಬರೆದರು. ಕಳಿಸುವ ಸೇವೆ ಎಷ್ಟು ಭದ್ರ ಎಂದು ನಾವು ತಲೆ ಕೆಡಿಸಿಕೊಳ್ಳುತ್ತೇವೆ. ತಲುಪಿದ ಮೇಲೆ ಪಡೆದವರು ಅದನ್ನು ಯಾರಿಗೆ ಫಾರ್ವರ್ಡ್ ಮಾಡುತ್ತಾರೆ ಅನ್ನುವುದನ್ನು ಕೇಳುವುದೇ ಇಲ್ಲ.

ಒಂದು ಅಡ್ಡಮಾತು, ಇದು ಕನ್ನಡಿಗರಿಗೆ ಮಾತ್ರ. ಕನ್ನಡದಲ್ಲಿ ಮೂಗರ್ಜಿ ಬರೆಯುವುದು ಇಂಗ್ಲಿಷಿನಲ್ಲಿ ಬರೆಯುವುದಕ್ಕಿಂತ ಅಪಾಯ. ಇಂಗ್ಲಿಷಿನಲ್ಲಿ ನಾವೆಲ್ಲ ಒಂದೇ ಥರ ಕೆಟ್ಟದಾಗಿ ಬರೆಯುತ್ತೇವೆ, ಅದೇ ರಕ್ಷೆ. ಕನ್ನಡದಲ್ಲಿ ಮೂರನೇ ಸಾಲಿಗೆ ಜಿಲ್ಲೆ ಹೊರಬರುತ್ತದೆ. 'ಮಾಡಾಕ್ಹತ್ತ್ಯಾರ' ಎಂದರೆ ಧಾರವಾಡದ ಕಡೆ, 'ಮಾರಾಯ್ರೇ' ಎಂದರೆ ಘಟ್ಟದ ಕೆಳಗೆ. ಅಡಗಿಸಲು ಹೋಗಿ ಪಠ್ಯಪುಸ್ತಕದ ಕನ್ನಡ ಬರೆದರೆ ಮೇಷ್ಟರ ಮಗ ಅನ್ನುವುದು ಬಯಲಾಗುತ್ತದೆ. ಅಕ್ಷರದ ತಂತ್ರಾಂಶವೂ ಸಾಕ್ಷಿ ಹೇಳುತ್ತದೆ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿದ್ದರೆ ಸರ್ಕಾರಿ ಕಚೇರಿಯೋ ಡಿಟಿಪಿ ಅಂಗಡಿಯೋ ಇರಬೇಕು, ಫೋನಿನಲ್ಲಿ ಒತ್ತಿದ್ದಾದರೆ ಯೂನಿಕೋಡ್. ಕಡತ ಜೋಡಿಸಿ ಕಳಿಸಿದರೆ ಅದರ ಗುಣಲಕ್ಷಣಗಳ ಪಟ್ಟಿಯಲ್ಲಿ ಕಂಪ್ಯೂಟರ್ ಮಾಲೀಕನ ಹೆಸರೇ ಕೂತಿರಬಹುದು. ಫಾರ್ವರ್ಡಿಂಗ್ ಸೇವೆ ಇದ್ಯಾವುದನ್ನೂ ಮುಟ್ಟುವುದಿಲ್ಲ. ಅದು ಲಕೋಟೆ ಬದಲಿಸುತ್ತದೆ, ಕೈಬರಹ ಬದಲಿಸುವುದಿಲ್ಲ.

ಇಷ್ಟು ಹೊತ್ತು ನಾನು ದೂರು ಕೊಡುವವನ ಪಕ್ಷ ವಹಿಸಿ ಮಾತಾಡಿದೆ. ಅದೇ ಕೊಳವೆಯಲ್ಲಿ ಬೇರೆಯದೂ ಹರಿಯುತ್ತದೆ. 2022ರ ಏಪ್ರಿಲ್ 8ರಂದು ವರ್ತೂರು, ಎಲೆಕ್ಟ್ರಾನಿಕ್ ಸಿಟಿ ಸೇರಿದಂತೆ ಬೆಂಗಳೂರಿನ ಹಲವು ಶಾಲೆಗಳಿಗೆ ಬಾಂಬ್ ಇಟ್ಟಿದ್ದೇವೆ ಎಂಬ ಮೇಲ್ ಬಂತು. 2023ರ ಡಿಸೆಂಬರ್ 1ರಂದು ಒಂದೇ ಬೆಳಗ್ಗೆ ನಗರದ 40ಕ್ಕೂ ಹೆಚ್ಚು ಶಾಲೆಗಳಿಗೆ ಬಂತು. ಆ ಬೆಳಗ್ಗೆ ನಮ್ಮ ಬೀದಿಯ ತಾಯಂದಿರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಆಟೊ ಹಿಡಿದದ್ದನ್ನು ನಾನು ಕಂಡಿದ್ದೇನೆ. ಎರಡು ಸಲವೂ ಹುಸಿ. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡಿನ ರಾಮೇಶ್ವರಂ ಕೆಫೆಯಲ್ಲಿ ಸಿಡಿದದ್ದು ಮಾತ್ರ ಹುಸಿಯಲ್ಲ, ಅದಕ್ಕೆ ಮುನ್ನ ಮೇಲ್ ಬಂದದ್ದನ್ನು ನಾನು ಕೇಳಿಲ್ಲ. ನಿಜವಾಗಿ ಬಾಂಬ್ ಇಡುವವನಿಗೆ ಪತ್ರ ಬರೆಯುವ ವ್ಯವಧಾನ ಇರುವುದು ಕಡಿಮೆ.

ಇನ್ನೂ ನೋವಿನದು ಇನ್ನೊಂದು. ಒಂದು ಕಂಪನಿಯ ಮಹಿಳಾ ಉದ್ಯೋಗಿಗಳ ಬಗ್ಗೆ ಅಶ್ಲೀಲ ಬರಹ, ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ನಕಲಿ ಚಿತ್ರಗಳು ಸ್ವಿಟ್ಜರ್‌ಲೆಂಡಿನ ಪ್ರೋಟಾನ್ ಮೇಲ್ ಸೇವೆಯ ಮೂಲಕ ಹರಿದಾಡಿದವು. ಕಂಪನಿ ಹೈಕೋರ್ಟಿಗೆ ಬಂತು. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಪ್ರೋಟಾನ್ ಮೇಲ್ ನಿರ್ಬಂಧಿಸಲು ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೆ ನಿರ್ದೇಶಿಸಿದರು. ಆ ಹೆಣ್ಣುಮಕ್ಕಳ ಜಾಗದಲ್ಲಿ ನಿಂತು ನೋಡಿದರೆ ಆ ಆದೇಶ ಅರ್ಥವಾಗುತ್ತದೆ. ಕಳಿಸಿದವನು ಸ್ವಿಟ್ಜರ್‌ಲೆಂಡಿನ ಕಾನೂನಿನ ಹಿಂದೆ ಕೂತಿದ್ದಾನೆ, ಇಲ್ಲಿಯ ಠಾಣೆಯ ನೋಟಿಸ್ ಅಲ್ಲಿಗೆ ತಲುಪಲು ಎರಡು ಸರ್ಕಾರಗಳ ಕಡತ ದಾಟಬೇಕು.

ಆದರೂ ಕೊಳವೆ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಪ್ರೋಟಾನ್ ಸಹ ಬೇಲಿ ಇಲ್ಲದ ಹೊಲವಲ್ಲ. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶ ಬಂದಾಗ ಅದು ಫ್ರಾನ್ಸಿನ ಒಬ್ಬ ಹವಾಮಾನ ಹೋರಾಟಗಾರನ ಐಪಿ ವಿಳಾಸ ದಾಖಲಿಸಿ ಕೊಟ್ಟಿತು. ಪತ್ರದ ಒಡಲು ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡೇ ಇತ್ತು, ಅಂಚೆ ಮುದ್ರೆ ಹೊರಗೆ ಬಂತು. ಆದ್ದರಿಂದ 'ಎಷ್ಟು ಭದ್ರ' ಅನ್ನುವ ಪ್ರಶ್ನೆ ಅಪೂರ್ಣ. ಯಾರಿಂದ ಭದ್ರ ಎಂದು ಕೇಳಬೇಕು. ಅಂಗಡಿಯವನಿಂದ ಭದ್ರ. ಎಚ್‌ಆರ್‌ನಿಂದ, ಎಚ್ಚರ ವಹಿಸಿದರೆ, ಬಹುಮಟ್ಟಿಗೆ ಭದ್ರ. ಸೇವೆ ಇರುವ ದೇಶದ ನ್ಯಾಯಾಲಯದಿಂದ ಅಲ್ಲ. ಪಕ್ಕದ ಮೇಜಿನವನಿಂದಂತೂ ಅಲ್ಲವೇ ಅಲ್ಲ.

ನಮ್ಮ ಸರ್ಕಾರ ಹಿಡಿದ ದಾರಿ ಕಂಡಕ್ಟರುಗಳಿಗೆಲ್ಲ ನೋಟ್‌ಬುಕ್ ಕಡ್ಡಾಯ ಮಾಡುವುದು. ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೊಟ್ಟ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ, ಬಳಸುವವರ ಐಪಿ ಮರೆಸುವ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸಗಳನ್ನು 5 ವರ್ಷ ಇಟ್ಟುಕೊಳ್ಳಬೇಕು, ಲಾಗ್‌ಗಳನ್ನು 180 ದಿನ. ಕಂಪನಿಗಳ ಒಳಬಳಕೆಯ ವಿಪಿಎನ್‌ಗೆ ವಿನಾಯಿತಿ ಸಿಕ್ಕಿತು. ಹಲವು ವಿದೇಶಿ ಸೇವೆಗಳು ಭಾರತದಲ್ಲಿದ್ದ ಸರ್ವರುಗಳನ್ನೇ ಕಿತ್ತುಕೊಂಡು ಹೋದವು. ಹುಸಿ ಬಾಂಬ್ ಮೇಲ್ ನಿಂತಿತೆ? 2025ರ ಜುಲೈ 18ರಂದು ಮತ್ತೆ ಸುಮಾರು 40 ಶಾಲೆಗಳಿಗೆ ಬಂತು.

ಅತ್ತ ಮೂಗರ್ಜಿಗೆ ನೇರ ಬಾಗಿಲು ಎಲ್ಲಿದೆ ಎಂದು ನೋಡಿ. ಲೋಕಾಯುಕ್ತಕ್ಕೆ ಹೋದರೆ 1984ರ ಕಾಯ್ದೆಯಂತೆ ಅರ್ಜಿಯ ಜೊತೆ ಅಫಿಡವಿಟ್ ಬೇಕು. 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ದೂರುದಾರರ ರಕ್ಷಣಾ ಕಾಯ್ದೆ ಹೆಸರಿಲ್ಲದ ದೂರನ್ನು ಮುಟ್ಟುವುದಿಲ್ಲ, ಅದೂ ಇನ್ನೂ ಜಾರಿಗೆ ಬಂದಿಲ್ಲ. ಹೆಸರು ಕೊಟ್ಟರೆ ಗುಟ್ಟಾಗಿಡುತ್ತೇವೆ ಅನ್ನುತ್ತಾರೆ. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ 2002ರಲ್ಲಿ ಪ್ರಧಾನಿ ಕಚೇರಿಗೆ ಬರೆದಾಗ ಅದನ್ನೇ ಬೇಡಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಮೇಜಿನಿಂದ ಮೇಜಿಗೆ ಓಡಾಡಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಗಾಗಿ ನಡೆದ ಕೊಲೆ ಎಂದಿತು ಸಿಬಿಐ. ಇರಲಿ. ಪತ್ರ ಓಡಾಡಿದ್ದಂತೂ ಹೌದು.

ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳು ದೂರಿನ ವ್ಯವಸ್ಥೆ ಇಟ್ಟಿರಬೇಕು ಎಂದು 2013ರ ಕಂಪನಿ ಕಾಯ್ದೆಯ 177ನೇ ಕಲಮು ಹೇಳುತ್ತದೆ. ವೈಟ್‌ಫೀಲ್ಡಿನ ದೊಡ್ಡ ಕಂಪನಿಗಳಲ್ಲಿ ಅದಕ್ಕೆ ಅಂದವಾದ ಪೋಸ್ಟರು, ಹೊರಗಿನವರು ನಡೆಸುವ ದೂರವಾಣಿ, ದೂರುದಾರ ಸಂಖ್ಯೆ ಹಿಡಿದು ಮತ್ತೆ ಬಂದು ಉತ್ತರ ಓದುವ ಪೆಟ್ಟಿಗೆ ಎಲ್ಲ ಇವೆ. ಈ ಕೊನೆಯದು ಒಳ್ಳೆಯ ಏರ್ಪಾಡು. ಉತ್ತರ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ನೀವೇ ಹೋಗಿ ನೋಡಿಕೊಳ್ಳುತ್ತೀರಿ, ಆದ್ದರಿಂದ ಪಟ್ಟಿ ಬೇಕಿಲ್ಲ. ಕಿವಿ ಇದ್ದೂ ನೋಟ್‌ಬುಕ್ ಇಲ್ಲದ್ದು ನಾನು ಕಂಡ ಮಟ್ಟಿಗೆ ಇದೊಂದೇ. ಆದರೆ ಪೀಣ್ಯದ ಹತ್ತು ಜನರ ಶೆಡ್ಡಿಗೆ ಆ ಕಲಮು ಅನ್ವಯಿಸುವುದಿಲ್ಲ. ಅನ್ವಯಿಸಿದರೂ ಹತ್ತು ಜನರಲ್ಲಿ ಒಬ್ಬರು ಬರೆದದ್ದು ಎಂದ ಮೇಲೆ ಪೆಟ್ಟಿಗೆಗೆ ಎಷ್ಟು ಬೀಗ ಹಾಕಿದರೂ ಅಷ್ಟೇ.

ಹಾಗಾದರೆ ಬರೆಯಬಾರದೆ ಎಂದು ಕೇಳುತ್ತಾರೆ. ಬರೆಯಿರಿ. ಆಫೀಸಿನ ಲ್ಯಾಪ್‌ಟಾಪಿನಿಂದ ಬೇಡ, ಆಫೀಸಿನ ವೈ-ಫೈ ಹಿಡಿದ ನಿಮ್ಮದೇ ಫೋನಿನಿಂದಲೂ ಬೇಡ, ಜಗಳವಾದ ಸಂಜೆಯೇ ಬೇಡ. ಕುಳಿತು ಮೊದಲು ಎಣಿಸಿ: ಈ ಮಾತು ನನ್ನನ್ನು ಬಿಟ್ಟು ಇನ್ನೆಷ್ಟು ಜನರಿಗೆ ಗೊತ್ತು? ಮೂವತ್ತು ಎಂದರೆ ಫಾರ್ವರ್ಡಿಂಗ್ ಸೇವೆ ನಿಮಗೆ ನೆರವಾಗುತ್ತದೆ. ಮೂರು ಎಂದರೆ ಸೇವೆ ಬದಲಿಸಿ ಪ್ರಯೋಜನವಿಲ್ಲ, ಮಾತನ್ನೇ ಬದಲಿಸಬೇಕು. ಎಲ್ಲರೂ ನೋಡಬಹುದಾದ ದಾಖಲೆಯ ಕಡೆಗೆ ಬೆರಳು ತೋರಿಸಿ, ನೀವೊಬ್ಬರೇ ಕಂಡದ್ದನ್ನು ಹೇಳಬೇಡಿ. ಆ ಹುಡುಗ ಪಿಎಫ್ ಚಲನಿನ ವಿಷಯ ಬರೆಯದೆ, ಆ ಹೆಂಗಸರ ಖಾತೆ ತೆಗೆದು ನೋಡಿ ಎಂದು ಪಿಎಫ್ ಕಚೇರಿಗೇ ಬರೆದಿದ್ದರೆ? ಆಗ ನೂರು ಜನ ಬರೆದಿರಬಹುದಾದ ಪತ್ರ ಅದು. ಅವನನ್ನು ಹುಡುಕಿ ಇದನ್ನು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆ ಉಚಿತ ಖಾತೆಯ ವಿಳಾಸ ನನಗೆ ಈಗಲೂ ಬಾಯಿಪಾಠ. ಕೆಲವು ವರ್ಷಗಳ ಹಿಂದೆ ಅದಕ್ಕೆ ಬರೆದೆ. ಅಂಥ ಪೆಟ್ಟಿಗೆ ಇಲ್ಲ ಎಂದು ವಾಪಸು ಬಂತು.

ಕೊನೆಗೆ ಪ್ರಶ್ನೋತ್ತರದ ಬಗ್ಗೆ ಒಂದು ಸೂಚನೆ. ಹಿಂದೊಮ್ಮೆ ಇದೇ ಪೀಣ್ಯದ ಇನ್ನೊಂದು ಸಭೆಯಲ್ಲಿ ಮಾತಾಡಿದಾಗ ಹೆಸರಿಲ್ಲದೆ ಚೀಟಿಯಲ್ಲಿ ಪ್ರಶ್ನೆ ಬರೆದು ಕಳಿಸಿ ಎಂದಿದ್ದೆ. ಒಂದು ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಹೀಗೆ ಬರೆದಿತ್ತು: "ಸಾರ್, ನಾನು ಯಾರು ಅಂತ ಗೊತ್ತಾಗದಂಗೆ ಕಂಪ್ಲೇಂಟ್ ಕೊಡೋದು ಹೆಂಗೆ?" ಓದಿ, ಚೀಟಿ ತಿರುಗಿಸಿದೆ. ಕಾರ್ಖಾನೆಯ ಕ್ಯಾಂಟೀನ್ ಕೂಪನ್. ಒಂದು ಮೂಲೆಯಲ್ಲಿ ಕಾರ್ಖಾನೆಯ ಹೆಸರು, ಇನ್ನೊಂದು ಮೂಲೆಯಲ್ಲಿ ಅವರ ಟೋಕನ್ ನಂಬರು, ಅದರ ಕೆಳಗೆ ಆ ದಿನದ ತಾರೀಕು. ಸಭೆಯ ನಂತರ ಸಂಘಟಕರು ಚೀಟಿಗಳನ್ನೆಲ್ಲ ವಾಪಸು ಕೇಳಿದರು, ವರದಿಗೆ ಬೇಕಂತೆ. ಒಂದು ಕಡಿಮೆ ಕೊಟ್ಟೆ.

ಇವತ್ತು ನಿಮ್ಮ ಕುರ್ಚಿಯ ಮೇಲೆ ಸಂಘದವರು ಬಿಳಿ ಹಾಳೆ ಇಟ್ಟಿದ್ದಾರೆ. ದಯವಿಟ್ಟು ಅದರಲ್ಲೇ ಬರೆಯಿರಿ.